ಓಟವೇ ಎತ್ತರವಾಗುವ ಬಗೆ

ಪೋಲ್‌ವಾಲ್ಟ್ ಪಟು ಮೊದಲಿಗೆ ಓಟಗಾರ. ಜಿಗಿತ ಆಮೇಲಿನ ಮಾತು. ಅಗ್ರಪಂಕ್ತಿಯ ಪುರುಷರು ಐದು ಮೀಟರಿನಷ್ಟು ಉದ್ದದ ಕೋಲು ಹಿಡಿದು ಸುಮಾರು 40 ಮೀಟರ್ ಓಡಿ, ಕೊನೆಯ ಹೆಜ್ಜೆಗಳಲ್ಲಿ ಸೆಕೆಂಡಿಗೆ 10 ಮೀಟರಿನ ಆಸುಪಾಸಿನ ವೇಗ ಮುಟ್ಟುತ್ತಾರೆ. ಆ ವೇಗವೆಲ್ಲ ಒಂದಿಷ್ಟೂ ನಷ್ಟವಾಗದೆ ಎತ್ತರವಾಗಿ ಬದಲಾದರೆ ದೇಹ 5.1 ಮೀಟರ್ ಏರಬಲ್ಲದು. ನಿಂತ ಮನುಷ್ಯನ ಗುರುತ್ವಕೇಂದ್ರ ನೆಲದಿಂದ ಒಂದು ಮೀಟರಿನಷ್ಟು ಮೇಲೆಯೇ ಇರುತ್ತದೆ. ಕೂಡಿಸಿದರೆ ಆರು ಮೀಟರ್ ದಾಟಿತು. ಕೋಲು ತನ್ನದೆಂದು ಏನನ್ನೂ ಸೇರಿಸುವುದಿಲ್ಲ. ಬಾಗುವಾಗ ಪಡೆದ ಶಕ್ತಿಯನ್ನು ನೆಟ್ಟಗಾಗುವಾಗ ಹಿಂದಿರುಗಿಸುತ್ತದೆ, ಅಷ್ಟೆ.

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ವಿಲಿಯಂ ಹಾಯ್ಟ್ ಗೆದ್ದಿದ್ದು 3.30 ಮೀಟರ್ ದಾಟಿ. ಮರದ ಕೋಲಿನ ಕಾಲ ಅದು. ಬಳಿಕ ಬಿದಿರು ಬಂತು. ಕಾರ್ನೆಲಿಯಸ್ ವಾರ್ಮರ್‌ಡ್ಯಾಮ್ 1940ರಲ್ಲಿ ಬಿದಿರ ಗಳದಲ್ಲೇ 15 ಅಡಿ ದಾಟಿದ ಮೊದಲಿಗರಾದರು, 1942ರಲ್ಲಿ 4.77 ಮೀಟರ್ ಮುಟ್ಟಿದರು. ಆಗ ಕೆಳಗೆ ಕಾಯುತ್ತಿದ್ದುದು ಮರಳು ಅಥವಾ ಮರದ ಹೊಟ್ಟು. ಅಷ್ಟು ಎತ್ತರದಿಂದ ಬಂದು ಕಾಲೂರಿ ಇಳಿಯಬೇಕಿತ್ತೆಂಬುದನ್ನು ನೆನೆದರೆ ಆ ಸಾಧನೆಯ ತೂಕ ತಿಳಿಯುತ್ತದೆ. 1960ರ ದಶಕದ ಆರಂಭದಲ್ಲಿ ಫೈಬರ್‌ಗ್ಲಾಸ್ ಕೋಲು, ಅದರ ಬೆನ್ನಿಗೇ ದಪ್ಪ ಫೋಮ್ ಹಾಸಿಗೆ ವ್ಯಾಪಕವಾಗಿ ಬಳಕೆಗೆ ಬಂದವು.

ಬಾಗುವ ಕೋಲನ್ನು ಹೇಗೆ ನೆಡಬೇಕೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಉಕ್ರೇನಿನ ಸೆರ್ಗೆಯ್ ಬುಬ್ಕಾ ಮತ್ತು ಅವರ ಕೋಚ್ ವಿತಾಲಿ ಪೆಟ್ರೋವ್. ಓಟದ ಕೊನೆಗಿರುವುದು 20 ಸೆಂಟಿಮೀಟರ್ ಆಳದ ಗುಳಿ. ಬಲಗೈಯವರಾದರೆ ಎಡಗಾಲು ನೆಲ ಬಿಡುವ ಹೊತ್ತಿಗೆ ಎರಡೂ ಕೈ ತಲೆಯ ಮೇಲೆ ಚಾಚಿರಬೇಕು, ಆ ಪಾದ ಮೇಲಿನ ಕೈಯ ನೇರ ಕೆಳಗೆ ಬಿದ್ದಿರಬೇಕು. ಹೆಜ್ಜೆ ತುಸು ಮುಂದಕ್ಕೆ ಬಿದ್ದರೂ ಕೋಲು ತೋಳನ್ನು ಹಿಂದಕ್ಕೆ ಜಗ್ಗಿ, ಕಷ್ಟಪಟ್ಟು ಕೂಡಿಸಿದ ವೇಗವನ್ನು ನುಂಗುತ್ತದೆ. ಕೋಲಿನ ತುದಿ ಗುಳಿಯ ಗೋಡೆಗೆ ತಾಗುವ ಮೊದಲೇ ದೇಹ ನೆಲ ಬಿಟ್ಟಿರಬೇಕೆಂಬುದು ಪೆಟ್ರೋವ್ ಪಾಠ. ಹೀಗೆ ವೇಗ ಉಳಿಸಿಕೊಂಡವರು ಹೆಚ್ಚು ಗಡುಸಾದ ಕೋಲನ್ನು ಇನ್ನೂ ಎತ್ತರದಲ್ಲಿ ಹಿಡಿಯಬಲ್ಲರು. ಬುಬ್ಕಾ 1985ರಲ್ಲಿ ಪ್ಯಾರಿಸ್‌ನಲ್ಲಿ 6 ಮೀಟರ್ ದಾಟಿದ ಮೊದಲಿಗ; ಒಳಾಂಗಣ, ಹೊರಾಂಗಣ ಸೇರಿ 35 ವಿಶ್ವದಾಖಲೆ ಬರೆದರು.

ನೆಲ ಬಿಟ್ಟ ಮೇಲಿನದು ಜಿಮ್ನಾಸ್ಟಿಕ್ಸ್: ಜೋಲಿ ಹೊಡೆದು, ತಲೆಕೆಳಗಾಗಿ, ಮೈ ತಿರುಗಿಸಿ, ಕೋಲನ್ನು ತಳ್ಳಿ ಅಡ್ಡಪಟ್ಟಿ ದಾಟುವುದು. ಹೆಗಲು, ಹೊಟ್ಟೆಯ ಬಲ ಇಲ್ಲಿ ಕೆಲವು ಸೆಂಟಿಮೀಟರ್ ಕೂಡಿಸುತ್ತದೆ. ರಷ್ಯಾದ ಯೆಲೆನಾ ಇಸಿನ್‌ಬಯೇವಾ 15ರ ವಯಸ್ಸಿನವರೆಗೂ ಜಿಮ್ನಾಸ್ಟ್ ಆಗಿದ್ದವರು. ಎತ್ತರ ಹೆಚ್ಚಾಯಿತೆಂದು ಅದನ್ನು ಬಿಟ್ಟು ಕೋಲು ಹಿಡಿದರು. ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆ ದೊರೆತದ್ದು 2000ದಲ್ಲಷ್ಟೇ. 2009ರಲ್ಲಿ ಜ್ಯೂರಿಕ್‌ನಲ್ಲಿ ಇಸಿನ್‌ಬಯೇವಾ ಜಿಗಿದ 5.06 ಮೀಟರ್ ವಿಶ್ವದಾಖಲೆಯಾಯಿತು.

ಸ್ವೀಡನ್ ಪರ ಸ್ಪರ್ಧಿಸುವ ಅರ್ಮಾಂಡ್ ಡುಪ್ಲಾಂಟಿಸ್‌ಗೆ ಇವೆಲ್ಲ ಮನೆಯಂಗಳದಲ್ಲೇ ಸಿಕ್ಕವು. ತಂದೆ ಗ್ರೆಗ್ 5.80 ಮೀಟರ್ ಜಿಗಿದ ಪಟು, ತಾಯಿ ಹೆಲೆನಾ ಹೆಪ್ಟಾಥ್ಲಾನ್ ಪಟು. ಅಮೆರಿಕದ ಲಫಾಯೆಟ್‌ನ ಮನೆಯ ಹಿತ್ತಲಲ್ಲಿದ್ದ ಓಟದ ಪಟ್ಟಿಯಲ್ಲಿ ಎಳವೆಯಿಂದಲೇ ಕೋಲಿನೊಂದಿಗೆ ಓಡಿದರು. 2020ರಲ್ಲಿ 6.17 ಮೀಟರ್‌ನೊಂದಿಗೆ ವಿಶ್ವದಾಖಲೆ ಅವರದಾಯಿತು. ಒಂದೊಂದೇ ಸೆಂಟಿಮೀಟರ್ ಏರಿಸುತ್ತ 2025ರ ಸೆಪ್ಟೆಂಬರಿನಲ್ಲಿ ಟೋಕಿಯೊದಲ್ಲಿ 6.30 ಮುಟ್ಟಿದರು. ಅದಕ್ಕೆ ಒಂದು ವರ್ಷ ಮೊದಲು ಜ್ಯೂರಿಕ್‌ನಲ್ಲಿ 400 ಮೀಟರ್ ಹರ್ಡಲ್ಸ್ ವಿಶ್ವದಾಖಲೆಯ ಒಡೆಯ ಕಾರ್ಸ್ಟೆನ್ ವಾರ್‌ಹೋಲ್ಮ್ ಜತೆ 100 ಮೀಟರ್ ಪಂದ್ಯ ಕಟ್ಟಿದ್ದರು. ಕೋಲಿಲ್ಲದೆ ಓಡಿದ ಡುಪ್ಲಾಂಟಿಸ್ 10.37 ಸೆಕೆಂಡಿನಲ್ಲಿ ಗೆದ್ದರು.