ಮಸ್ಕಿ ಮೇಲೆ ಲಿಂಗಸುಗೂರಿಗೆ

ನಾಟಿ ಹಂಗಾಮಿನಲ್ಲಿ ಸಿಂಧನೂರಿನ ಗಾಂಧಿ ವೃತ್ತಕ್ಕೆ ಬೇಗ ಬೆಳಗಾಗುತ್ತದೆ. ಸೀರೆಯ ಮೇಲೆ ಗಂಡಸರ ಹಳೇ ಅಂಗಿ ತೊಟ್ಟು, ಬುತ್ತಿಗಂಟು ಹಿಡಿದ ಹೆಂಗಸರು ಟಂಟಂ ಕಾಯುತ್ತ ನಿಂತಿರುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆ ಹಸಿರು ಮಾಡಿದ ಗದ್ದೆಗಳಿಗೆ ಸಸಿ ಹಚ್ಚುವ ಕೈ ಇವರದೇ. ಪೂರ್ವ ಪಾಕಿಸ್ತಾನದಿಂದ ಬಂದು ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಬೇರೂರಿದ ಬಂಗಾಲಿಗಳೂ ಸಂತೆಗೆ ಇಲ್ಲಿಗೇ ಬರುತ್ತಾರೆ.

"ವೃತ್ತಕ್ಕ ಗಾಂಧಿ ತಾತನ ಹೆಸರೈತಿ. ನಮಗ ಕುಂದ್ರಾಕ ಒಂದು ಕಟ್ಟಿ ಎಲ್ಲೈತ್ರಿ?" ಎಂದಳು ಒಬ್ಬ ಮುದುಕಿ, ಎಲೆ ಅಡಿಕೆ ಮೆಲ್ಲುತ್ತ.

ಈ ಸೀಮೆಯ ಊರುಗಳಲ್ಲಿ ಮೊದಲು ಬರುವುದು ಹೆಸರಿನ ಫಲಕ, ಪ್ರತಿಮೆ ಆಮೇಲೆ. ಅಂಬೇಡ್ಕರ್, ಬಸವಣ್ಣ, ಕನಕದಾಸ, ವಾಲ್ಮೀಕಿ ಎಂದು ಒಂದೊಂದು ಕೂಡುರಸ್ತೆಯನ್ನೂ ಒಬ್ಬೊಬ್ಬರ ಹೆಸರಿಗೆ ಕೇಳುವವರಿದ್ದಾರೆ. ಇದನ್ನು ಕಂಡು ಮೂಗು ಮುರಿಯುವವರು ಒಂದನ್ನು ಮರೆಯುತ್ತಾರೆ. ಊರ ಬಾವಿ, ಹೋಟೆಲಿನ ಲೋಟ ಎರಡರಿಂದಲೂ ದೂರ ನಿಲ್ಲಬೇಕಾಗಿದ್ದವರ ಮಕ್ಕಳು ಏಪ್ರಿಲ್ 14ರಂದು ಏಣಿ ಹತ್ತಿ ನೀಲಿ ಕೋಟಿನ ಬಾಬಾಸಾಹೇಬರಿಗೆ ಮಾಲೆ ಹಾಕುವುದು ಊರ ನಟ್ಟನಡುವೆ. ಆ ಜಾಗವೇ ಅವರ ಗಳಿಕೆ. ನನ್ನ ತಕರಾರು ಪ್ರತಿಮೆಯ ಸುತ್ತ ಕಟ್ಟುವ ಕಬ್ಬಿಣದ ಜಾಳಿಗೆಯ ಮೇಲೆ. ಸಂವಿಧಾನ ಬರೆದವರಿಗೇ ಕಾವಲು ಬೇಕಾದರೆ ಊರಿನ ಬಗ್ಗೆ ಮತ್ತೇನು ಹೇಳುವುದು?

ಹೆದ್ದಾರಿ ಹಿಡಿದು ವಾಯವ್ಯಕ್ಕೆ ಹೊರಟರೆ ಮಸ್ಕಿ. ಊರ ಮಗ್ಗುಲಿಗೇ ದುರ್ಗದ ಗುಡ್ಡ, ಒಂದರ ಮೇಲೊಂದು ಒರಗಿದ ಗುಂಡುಗಳು. ಅವುಗಳ ಸಂದಿನಲ್ಲಿ, ನೆರಳಲ್ಲಿ, ಅಶೋಕನ ಶಾಸನ. 1915ರಲ್ಲಿ ಇದು ಕಣ್ಣಿಗೆ ಬಿದ್ದದ್ದು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರಿಗೆ. ಅದೇ ವರ್ಷ ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. 'ದೇವಾನಂಪಿಯ' ಎಂಬ ಬಿರುದಿನ ಜೊತೆ 'ಅಸೋಕ' ಎಂಬ ಹೆಸರು ಮೊದಲು ಸಿಕ್ಕಿದ್ದು ಇಲ್ಲೇ. ಶಾಲಾ ಪುಸ್ತಕಗಳು ಅಷ್ಟು ಹೇಳಿ ಸುಮ್ಮನಾಗುತ್ತವೆ.

ಬ್ರಾಹ್ಮಿಯ ಅಕ್ಷರಗಳು ಗೀಚಿದಂತೆ ತೆಳು. ಅಲ್ಲಲ್ಲಿ ಬಂಡೆಯ ಚಕ್ಕೆ ಎದ್ದು ಪದಗಳೇ ಹೋಗಿವೆ. ಉಳಿದದ್ದರ ತಿರುಳು ಮಾತ್ರ ಚೊಕ್ಕ: ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಅದರ ಗುರಿ ಮುಟ್ಟಬಲ್ಲ, ಇದು ದೊಡ್ಡವರಿಗಷ್ಟೇ ಎಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು. ಸಾಮ್ರಾಟನೊಬ್ಬ ತನ್ನ ಗೆಲುವು ಕೊರೆಸದೆ ಇದನ್ನು ಕೊರೆಸಿದ್ದಾನೆ, ಅದೂ ಎತ್ತರದ ಕಂಬದ ಮೇಲಲ್ಲ, ಊರ ಬದಿಯ ಗುಂಡಿನ ಮೇಲೆ. ನಮ್ಮ ನಾಡಿನ ಅತಿ ಹಳೆಯ ಬರಹಗಳಲ್ಲೊಂದು ಹೀಗಿದೆ ಎಂಬುದು ನನಗೆ ಹೆಸರಿನ ಸಂಗತಿಗಿಂತ ದೊಡ್ಡದು. ಮುಂದೆ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಅಶೋಕನ ಹೆಸರು ಸಿಕ್ಕಿತು. ಮಸ್ಕಿಯ ಗುಡ್ಡಕ್ಕೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಲಿಂಗಸುಗೂರಿನ ಕತೆ ಬೇರೆ. ನಿಜಾಮನ ಸೀಮೆಯಲ್ಲಿ ಇದು ಪಲ್ಟನ್ ಬೀಡುಬಿಟ್ಟಿದ್ದ ಛಾವಣಿ. 1905ರವರೆಗೆ ಜಿಲ್ಲಾ ಕೇಂದ್ರವೂ ಹೌದು. ಆಗ ಹಳ್ಳಿಯವನಿಗೆ ಇಲ್ಲಿ ಕೆಲಸವೆಂದರೆ ಸಲಾಮು ಹೊಡೆಯುವುದು. ಈಗ ಜನ ಸಹಾಯಕ ಆಯುಕ್ತರ ಕಚೇರಿಗೆ ಮೆರವಣಿಗೆ ಬರುತ್ತಾರೆ, ಶಾಮಿಯಾನ ಹಾಕಿ ಧರಣಿ ಕೂರುತ್ತಾರೆ. ಕಾಲುವೆಯ ಕೊನೆ ಭಾಗಕ್ಕೆ ನೀರು, ನಿಂತ ಕೂಲಿ, ಸ್ಮಶಾನಕ್ಕೆ ಜಾಗ: ಬೇಡಿಕೆ ಯಾವುದಾದರೂ ಸರಿ. ಗಡಿಯಾರ ವೃತ್ತದಲ್ಲಿ ಬಸ್ಸಿಳಿದ ಹುಡುಗನೊಬ್ಬ ಮನವಿಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು, ಚಹಾದಂಗಡಿಯವನನ್ನು ಕೇಳುತ್ತಿದ್ದ: "ಅಣ್ಣಾ, ಎ.ಸಿ. ಆಫೀಸಿಗೆ ಹಿಂಗ ಹೋದ್ರ ಆಗ್ತೈತೇನ್ರಿ?"