ನೂರು ದೊಡ್ಡದೋ, ಎಂಬತ್ತು ದೊಡ್ಡದೋ?



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಓಡೋಡಿ ಬಂದರು. ಅವರ ಕೈಯಲ್ಲಿ ಒಂದು ಚೀಟಿ ಇತ್ತು. ಊರಿಗೆ ಬಂದಿದ್ದ ಏಜೆಂಟು ಬರೆದುಕೊಟ್ಟ ಚೀಟಿ ಅದು. ಅಕ್ಕ ತಾವೇ ಅಕ್ಷರ ಕೂಡಿಸಿ ಓದಿದರು.

"ಕುವೈತ್ ದೇಶ. ಕ್ಲೀನಿಂಗ್ ಕೆಲಸ. ಸಂಬಳ 100 ದಿನಾರ್. ಎರಡು ವರ್ಷ."

"ಟೀಚರ್, ನೂರು ದಿನಾರ್ ಅಂದ್ರೆ ಇಪ್ಪತ್ತೇಳು ಸಾವಿರ ರೂಪಾಯಿ ಅಂತೆ! ಪಕ್ಕದ ಬೀದಿ ಅವಳಿಗೆ ಬರೀ ಎಂಬತ್ತು ದಿನಾರ್ ಹೇಳಿದ್ದಾರೆ. ನಂದೇ ಒಳ್ಳೇದು, ಅಲ್ವಾ?"

ನಾವು ಕೇಳಿದೆವು: "ಅಕ್ಕಾ, ಚೀಟಿಯನ್ನ ಇನ್ನೊಂದು ಸಲ ಓದಿ. ಊಟ ಅಂತ ಎಲ್ಲಾದರೂ ಬರೆದಿದೆಯಾ? ಇರೋಕೆ ಜಾಗ ಅಂತ ಬರೆದಿದೆಯಾ?"

ಅಕ್ಕ ಬೆರಳಿಟ್ಟು ಮತ್ತೆ ಓದಿದರು. ಊಟ ಇರಲಿಲ್ಲ. ಜಾಗ ಇರಲಿಲ್ಲ.

ಬನ್ನಿ, ಲೆಕ್ಕ ಹಾಕೋಣ

ದೂರದ ಬೆಟ್ಟ ನುಣ್ಣಗೆ ಅಂತಾರೆ. ಹತ್ತಿರ ಹೋಗಿ ನೋಡೋಣ.

ಕುವೈತಿನ ದುಡ್ಡಿಗೆ ದಿನಾರ್ ಅಂತ ಹೆಸರು. ದಿನಾರ್ ಬೆಲೆ ಏರುತ್ತೆ, ಇಳಿಯುತ್ತೆ. ಲೆಕ್ಕ ಕಲಿಯೋಕೆ ಒಂದು ದಿನಾರಿಗೆ 270 ರೂಪಾಯಿ ಅಂತ ಇಟ್ಟುಕೊಳ್ಳೋಣ. ಅಲ್ಲಿನ ಖರ್ಚನ್ನೂ ನಾವೇ ಒಂದು ಅಂದಾಜು ಮಾಡೋಣ. ಅಲ್ಲಿಂದ ಬಂದವರನ್ನು ಕೇಳಿ ಆಮೇಲೆ ಸರಿಯಾದ ಅಂಕಿ ಬರೆದುಕೊಳ್ಳಿ.

ನಮ್ಮ ಅಕ್ಕನ ಲೆಕ್ಕ:
ಸಂಬಳ – 100 ದಿನಾರ್
ನಾಲ್ಕಾರು ಜನ ಸೇರಿ ಇರುವ ಕೋಣೆಯ ಬಾಡಿಗೆ – 25
ಊಟ – 25
ಬಸ್ಸು – 10
ಫೋನು – 5
ಸೋಪು, ಔಷಧಿ – 5
ಒಟ್ಟು ಖರ್ಚು – 70
ಉಳಿದದ್ದು – 30 ದಿನಾರ್

ಪಕ್ಕದ ಬೀದಿ ಅಕ್ಕನದು ಮನೆಗೆಲಸ. ಊಟ, ಮಲಗೋ ಜಾಗ, ಔಷಧಿ ಎಲ್ಲ ಮನೆಯವರದೇ.
ಸಂಬಳ – 80 ದಿನಾರ್
ಫೋನು, ಸೋಪು, ಚಿಲ್ಲರೆ – 10
ಉಳಿದದ್ದು – 70 ದಿನಾರ್

ಈಗ ಹೇಳಿ, ಯಾವುದು ದೊಡ್ಡದು? ಕಾಗದದ ಮೇಲೆ ನೂರು ದೊಡ್ಡದು. ಸೆರಗಿನ ಗಂಟಿನಲ್ಲಿ ಎಂಬತ್ತು ದೊಡ್ಡದು!

ರೂಪಾಯಿಗೆ ಬದಲಾಯಿಸಿದರೆ 70 ದಿನಾರ್ 18,900 ರೂಪಾಯಿ ಆಗುತ್ತದೆ. 30 ದಿನಾರ್ 8,100 ರೂಪಾಯಿ ಆಗುತ್ತದೆ. ಇಪ್ಪತ್ತೇಳು ಸಾವಿರ ಎಲ್ಲಿ ಹೋಯಿತು ನೋಡಿದಿರಾ?

ಸಾಲದ ಬಡ್ಡಿ ಮರೀಬೇಡಿ

ಏಜೆಂಟು ಅಕ್ಕನಿಗೆ 60,000 ರೂಪಾಯಿ ಕೇಳಿದ್ದ. ಅಕ್ಕ ಸಾಲ ಮಾಡೋಕೆ ಹೊರಟಿದ್ದರು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 1,800 ರೂಪಾಯಿ ಬರೀ ಬಡ್ಡಿಗೇ ಬೇಕು.

8,100ರಲ್ಲಿ 1,800 ಕಳೆದರೆ ಉಳಿಯೋದು 6,300.

ಅಕ್ಕ ಊರಲ್ಲಿ ಕೂಲಿಗೆ ಹೋಗ್ತಾರೆ. ದಿನಕ್ಕೆ 300 ರೂಪಾಯಿ, ತಿಂಗಳಲ್ಲಿ 20 ದಿನ. ಅಂದರೆ 6,000.

ಅಕ್ಕ ಈ ಎರಡು ಅಂಕಿಗಳನ್ನು ಸ್ಲೇಟಿನ ಮೇಲೆ ಬರೆದರು. ಬಹಳ ಹೊತ್ತು ನೋಡಿದರು. "ಮುನ್ನೂರು ರೂಪಾಯಿಗೆ ಎರಡು ವರ್ಷ ಮಕ್ಕಳ ಮುಖ ನೋಡದೆ ಇರಬೇಕಾ?" ಅಂದರು. ನಾವು ಏನೂ ಹೇಳಲಿಲ್ಲ. ಲೆಕ್ಕವೇ ಹೇಳಿತ್ತು.

ಮಕ್ಕಳ ಖರ್ಚಿಗೆ ಮನೆಗೆ 5,000 ಕಳಿಸಿದರೆ ಉಳಿಯೋದು ಬರೀ 1,300. ಅಸಲು ತೀರಿದ ಹಾಗೆ ಬಡ್ಡಿ ಇಳಿಯುತ್ತೆ, ನಿಜ. ಆದರೂ ಎರಡು ವರ್ಷಕ್ಕೆ ಸಾಲ ಪೂರ್ತಿ ತೀರೋದಿಲ್ಲ. ಇಷ್ಟೇ ಸಾಲ ಇದ್ದರೂ ಕೈಗೆ 18,900 ಉಳಿಯುವವರು ಐದು ತಿಂಗಳಲ್ಲಿ ತೀರಿಸಬಹುದು.

ಕಾನೂನು ಏನು ಹೇಳುತ್ತೆ?

ಹೊರದೇಶಕ್ಕೆ ದುಡಿಯಲು ಹೋಗುವವರಿಗಾಗಿ 1983ರಲ್ಲಿ ನಮ್ಮ ದೇಶದಲ್ಲಿ ವಲಸೆ ಕಾಯ್ದೆ ಬಂತು. ಅದರ ನಿಯಮದ ಪ್ರಕಾರ ಲೈಸೆನ್ಸ್ ಇರುವ ಏಜೆಂಟು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ತೆರಿಗೆ. ಅದಕ್ಕೂ ರಸೀದಿ ಕೊಡಬೇಕು.

ಹತ್ತನೇ ತರಗತಿ ಪಾಸಾಗದವರು ಕುವೈತ್, ಸೌದಿ, ಒಮಾನ್, ಕತಾರ್‌ನಂಥ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಹೀಗೆ ಹೋಗುವ ಹೆಂಗಸರಿಗೆ 30 ವರ್ಷ ತುಂಬಿರಬೇಕು. 2016ರಿಂದ ಇಂಥ ಹೆಂಗಸರನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ಕಳಿಸಬೇಕು ಎಂಬ ನಿಯಮ ಬಂತು. ಬೀದಿಗೆ ಬಂದ ಏಜೆಂಟು ಕಳಿಸುವ ಹಾಗಿಲ್ಲ.

"ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಎಲ್ಲ ಸರಿ ಮಾಡ್ತೀವಿ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಅದು ಊರು ನೋಡಿ ಬರುವವರ ಚೀಟಿ. ಅದರಲ್ಲಿ ಹೋಗಿ ದುಡಿದರೆ ನಾವೇ ತಪ್ಪು ಮಾಡಿದಂತೆ. ಸಂಬಳ ಕೊಡದಿದ್ದರೂ ಕೇಳೋದು ಕಷ್ಟ.

ಕುವೈತಿನಲ್ಲೂ ಮನೆಗೆಲಸದವರಿಗಾಗಿ 2015ರಲ್ಲಿ ಕಾನೂನು ಬಂತು. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಾರಕ್ಕೊಂದು ದಿನ ರಜೆ. ಊಟ, ವಸತಿ, ಚಿಕಿತ್ಸೆ ಮಾಲೀಕರದು. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ. 2016ರಲ್ಲಿ ಅಲ್ಲಿನ ಸರ್ಕಾರ ಮನೆಗೆಲಸಕ್ಕೆ ಕನಿಷ್ಠ 60 ದಿನಾರ್ ಸಂಬಳ ಗೊತ್ತು ಮಾಡಿತು. ಕಾನೂನು ಇದ್ದರೂ ನಾಲ್ಕು ಗೋಡೆಯ ಒಳಗೆ ನಡೆಯೋದು ಹೊರಗೆ ಕಾಣೋದಿಲ್ಲ. ಆದ್ದರಿಂದ ಹೋಗೋ ಮುಂಚೆಯೇ ಎಲ್ಲ ಕರಾರು ಪತ್ರದಲ್ಲಿ ಬರೆಸಿಕೊಳ್ಳಬೇಕು.

ಸಹಿ ಹಾಕುವ ಮುಂಚೆ ಕೇಳಿ

1. ಸಂಬಳ ಎಷ್ಟು? ಯಾವ ತಾರೀಕಿಗೆ? ಬ್ಯಾಂಕಿಗೋ, ಕೈಗೋ?
2. ಊಟ ಯಾರದು? ಇರುವ ಜಾಗ ಯಾರದು?
3. ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು ಯಾರದು?
4. ಹೋಗುವ, ಬರುವ ವಿಮಾನದ ಟಿಕೆಟ್ ಯಾರದು?
5. ದಿನಕ್ಕೆ ಎಷ್ಟು ಗಂಟೆ ಕೆಲಸ? ರಜೆ ಯಾವಾಗ?
6. ವಿಮೆ ಮಾಡಿಸಿದ್ದಾರಾ? ಪ್ರವಾಸಿ ಭಾರತೀಯ ಬಿಮಾ ಯೋಜನೆ ಅಂತ ಸರ್ಕಾರದ ವಿಮೆ ಇದೆ.

ಬಾಯಿಮಾತು ಬೇಡ. ಕಾಗದದಲ್ಲಿ ಇರಲಿ. ಕಾಗದ ಇಂಗ್ಲಿಷಿನಲ್ಲೋ ಅರಬ್ಬಿಯಲ್ಲೋ ಇದ್ದರೆ ತಿಳಿದವರಿಂದ ಓದಿಸಿ. ಕಾಗದದ ಒಂದು ನಕಲು ಮನೆಯಲ್ಲಿ ಬಿಟ್ಟು ಹೋಗಿ. ಅನುಮಾನ ಬಂದರೆ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಮಾಡಿ. ನಂಬರ್ 1800 11 3090. ಈ ಕರೆಗೆ ದುಡ್ಡಿಲ್ಲ.

ಹೊರದೇಶಕ್ಕೆ ಹೋಗಲೇಬೇಡಿ ಅಂತ ನಾವು ಹೇಳೋದಿಲ್ಲ. ಹೋಗಿ ದುಡಿದು ಮನೆ ಕಟ್ಟಿಸಿದವರು, ಮಕ್ಕಳನ್ನ ಓದಿಸಿದವರು ಇದ್ದಾರೆ. ಲೆಕ್ಕ ಹಾಕಿ ಹೋಗಿ ಅಂತ ಮಾತ್ರ ಹೇಳ್ತೀವಿ.

ನಮ್ಮ ಅಕ್ಕ ಮರುದಿನ ಏಜೆಂಟನ್ನು ಕಂಡರು. "ಊಟ, ವಸತಿ, ಟಿಕೆಟ್ ಎಲ್ಲ ಕಾಗದದಲ್ಲಿ ಬರೆದುಕೊಡಿ. ದುಡ್ಡಿಗೆ ರಸೀದಿ ಕೊಡಿ. ನಿಮ್ಮ ಲೈಸೆನ್ಸ್ ತೋರಿಸಿ" ಅಂದರು. ಆತ ನಾಳೆ ಬರ್ತೀನಿ ಅಂತ ಹೋದ. ಮತ್ತೆ ಬರಲಿಲ್ಲ. ಅಕ್ಕನ 60,000 ಸಾಲ ಉಳಿಯಿತು.

ಆ ಚೀಟಿ ಈಗಲೂ ಅಕ್ಕನ ಪುಸ್ತಕದ ನಡುವೆ ಇದೆ. ಅದರ ಹಿಂದುಗಡೆ ಅವರದೇ ಅಕ್ಷರದಲ್ಲಿ ಲೆಕ್ಕ ಇದೆ.

ಮಾತಾಡಿ, ಬರೆಯಿರಿ

1. ಸಂಬಳ 90 ದಿನಾರ್. ಜಾಗ ಅವರದು. ಊಟಕ್ಕೆ 25, ಬೇರೆ ಖರ್ಚಿಗೆ 15. ಕೈಗೆ ಉಳಿಯೋದು ಎಷ್ಟು? ರೂಪಾಯಿಯಲ್ಲಿ ಎಷ್ಟು?
2. ನಿಮ್ಮ ಊರಿಂದ ಹೊರದೇಶಕ್ಕೆ ಹೋಗಿ ಬಂದವರು ಇದ್ದಾರಾ? ಅಲ್ಲಿನ ಖರ್ಚು ಎಷ್ಟು ಅಂತ ಅವರನ್ನು ಕೇಳಿ ಬರೆಯಿರಿ.