ಅವಳ ಫೈಲಿನಲ್ಲಿ ಇಲ್ಲದ ಹಾಳೆ

ಮದುವೆಯಾಗಿ ವರ್ಷ ತುಂಬುತ್ತಿದ್ದಂತೆ "ಏನಾದ್ರೂ ವಿಶೇಷ ಇದೆಯಾ?" ಎಂಬ ವಿಚಾರಣೆ ಶುರುವಾಗುತ್ತದೆ. ವಿಚಾರಿಸುವುದು ಸೊಸೆಯನ್ನು, ಮಗನನ್ನು ಯಾರೂ ಕೇಳುವುದಿಲ್ಲ. ಮರುವರ್ಷ ಹರಕೆ, ಘಾಟಿ ಸುಬ್ರಹ್ಮಣ್ಯದಲ್ಲಿ ನಾಗಪ್ರತಿಷ್ಠೆ. ಅದರ ಮರುವರ್ಷ ಹೆಂಗಸರ ಡಾಕ್ಟರು. ಅಲ್ಲಿಂದ ಅವಳ ಹೆಸರಿನ ಫೈಲು ದಪ್ಪವಾಗುತ್ತಲೇ ಹೋಗುತ್ತದೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಎಎಂಎಚ್ ರಕ್ತಪರೀಕ್ಷೆಗಳು, ಅಂಡಾಣು ಬೆಳೆದಿದೆಯೇ ಎಂದು ತಿಂಗಳು ತಿಂಗಳೂ ಸ್ಕ್ಯಾನಿಂಗ್, ಗರ್ಭಕೋಶಕ್ಕೆ ಔಷಧಿ ಹಾಯಿಸಿ ಎಕ್ಸ್‌ರೇ ತೆಗೆಯುವ ಟ್ಯೂಬ್ ಟೆಸ್ಟ್, ಆಮೇಲೆ ಹೊಟ್ಟೆಗೆ ತೂತು ಮಾಡಿ ನೋಡುವ ಲ್ಯಾಪರೊಸ್ಕೋಪಿ. ಇಷ್ಟೆಲ್ಲ ಮುಗಿದು ಏನೂ ಸಿಗದಿದ್ದಾಗ ಡಾಕ್ಟರು, "ಯಜಮಾನ್ರದ್ದೂ ಒಂದು ಟೆಸ್ಟ್ ಮಾಡಿಸಿಬಿಡಿ" ಎನ್ನುತ್ತಾರೆ. "ನಂಗೇನಾಗಿದೆ ಮೇಡಂ, ಚೆನ್ನಾಗೇ ಇದೀನಲ್ಲ" ಎನ್ನುವುದು ಯಜಮಾನರ ಮೊದಲ ಉತ್ತರ.

ಕೊನೆಗೆ ಬರುವ ಈ ವೀರ್ಯಪರೀಕ್ಷೆಗೆ ಸೂಜಿ ಬೇಡ, ಅರಿವಳಿಕೆ ಬೇಡ, ಖರ್ಚೂ ಹೆಚ್ಚಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ಸುಮಾರು ಐದರಲ್ಲೊಂದು ಜೋಡಿಯಲ್ಲಿ ತೊಂದರೆ ಅವನದೊಬ್ಬನದೇ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಬದುಕಿನಲ್ಲಿ ಎಂದಾದರೊಮ್ಮೆ ಬಂಜೆತನ ಎದುರಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅಷ್ಟು ಸಾಮಾನ್ಯವಾದ ತೊಂದರೆಯಲ್ಲಿ ಅತಿ ಸುಲಭದ ಪರೀಕ್ಷೆಯನ್ನು ಕೊನೆಗೆ ತಳ್ಳುವುದಕ್ಕೆ ವೈದ್ಯಕೀಯ ಕಾರಣ ಒಂದೂ ಇಲ್ಲ. ಕಾರಣ ಬೇರೆ ಇದೆ: ಬೀಜ ಕಡಿಮೆ ಎಂದರೆ ಗಂಡಸ್ತನ ಕಡಿಮೆ ಎಂಬ ಹೆದರಿಕೆ. ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ 'ಗುಪ್ತರೋಗ ತಜ್ಞ'ರ ಜಾಹೀರಾತು ಅಂಟಿಸುವವರು ಬದುಕುತ್ತಿರುವುದೂ ಇದೇ ಗೊಂದಲದ ಮೇಲೆ.

ದೇಹದ ರಚನೆ ನೋಡಿದರೆ ಬೀಜ, ಗಂಡಸ್ತನ ಇವೆರಡೂ ಒಂದೇ ಕಾಂಪೌಂಡಿನಲ್ಲಿರುವ ಎರಡು ಬೇರೆ ಬೇರೆ ಕಚೇರಿಗಳು. ವೃಷಣದ ಒಳಗೆ ಕೂದಲೆಳೆಯಂಥ ಸಣ್ಣ ಕೊಳವೆಗಳು ಸುತ್ತಿಕೊಂಡಿರುತ್ತವೆ. ಬಿಡಿಸಿ ಹಾಸಿದರೆ ನೂರಾರು ಮೀಟರು. ವೀರ್ಯಾಣು ಹುಟ್ಟುವುದು ಆ ಕೊಳವೆಗಳ ಗೋಡೆಯಲ್ಲಿ, ಸರ್ಟೋಲಿ ಎಂಬ ಪೋಷಕ ಕೋಶಗಳ ಆರೈಕೆಯಲ್ಲಿ. ಮೀಸೆ, ದನಿ, ಕಾಮಾಸಕ್ತಿಗೆಲ್ಲ ಕಾರಣವಾದ ಟೆಸ್ಟೋಸ್ಟಿರಾನ್ ತಯಾರಾಗುವುದು ಕೊಳವೆಗಳ ನಡುವಿನ ಸಂದಿಯಲ್ಲಿ, ಲೇಡಿಗ್ ಎಂಬ ಬೇರೆಯೇ ಕೋಶಗಳಲ್ಲಿ. ಮೊದಲನೆಯದು ಪೂರ್ತಿ ನಿಂತುಹೋದರೂ ಎರಡನೆಯದು ಸರಾಗವಾಗಿ ನಡೆಯಬಹುದು. ಇನ್ನು ಹೊರಬರುವ ವೀರ್ಯ ದ್ರವದಲ್ಲಿ ವೃಷಣದಿಂದ ಬಂದ ಭಾಗ ನೂರಕ್ಕೆ ಐದನ್ನೂ ಮುಟ್ಟುವುದಿಲ್ಲ. ಉಳಿದದ್ದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ರಸ. ಹಾಗಾಗಿ ಗಟ್ಟಿಯಾಗಿದೆ, ನೀರಾಗಿದೆ ಎಂದು ಬರಿಗಣ್ಣಿನಲ್ಲಿ ನೋಡಿ ಹೇಳುವ ಭವಿಷ್ಯಕ್ಕೆ ಅರ್ಥವಿಲ್ಲ.

ವೀರ್ಯಾಣುವನ್ನು ನೋಡಬೇಕಾದರೆ ಮೈಕ್ರೊಸ್ಕೋಪೇ ಬೇಕು. ಮೊದಲು ನೋಡಿ ವರದಿ ಮಾಡಿದವನು ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್, 1677ರಲ್ಲಿ. ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಅವನು ಬಹಳ ಸಂಕೋಚಪಟ್ಟುಕೊಂಡಿದ್ದ. ಮೂರೂವರೆ ಶತಮಾನ ಕಳೆದರೂ ಆ ಸಂಕೋಚ ಲ್ಯಾಬಿನ ಬಾಗಿಲಲ್ಲಿ ಹಾಗೇ ನಿಂತಿದೆ. ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ಕೊಡುವವರು, ಹೆಂಡತಿಯ ಕೈಯಲ್ಲೇ ಕಳಿಸುವವರು ಉಂಟು.

ಸಂಕೋಚದಿಂದ ರಿಪೋರ್ಟೂ ಕೆಡುತ್ತದೆ. ಎರಡರಿಂದ ಏಳು ದಿನದ ಬ್ರಹ್ಮಚರ್ಯದ ನಂತರ ಮಾದರಿ ಕೊಡಬೇಕು. ವೀರ್ಯಾಣುಗಳು ಅತಿ ಹೆಚ್ಚು ಇರುವುದು ಮೊದಲು ಬರುವ ಪಾಲಿನಲ್ಲಿ; ಗಡಿಬಿಡಿಯಲ್ಲಿ ಅದು ಡಬ್ಬಿಯ ಹೊರಗೆ ಬಿದ್ದರೆ ಕೌಂಟ್ ಸುಳ್ಳುಸುಳ್ಳೇ ಇಳಿಯುತ್ತದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಮನೆಯಲ್ಲಿ ಸಂಗ್ರಹಿಸಿದರೆ ಮೈಬಿಸಿಗೆ ತಾಗುವಂತೆ ಅಂಗಿಯೊಳಗೆ ಇಟ್ಟುಕೊಂಡು ಒಂದು ಗಂಟೆಯೊಳಗೆ ಲ್ಯಾಬಿಗೆ ತರಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇದು ಆಗುವ ಮಾತಲ್ಲ, ಆಸ್ಪತ್ರೆಯ ಕೋಣೆಯೇ ವಾಸಿ.

ತಂದ ಮಾದರಿ ಲೋಳೆಯಾಗಿರುತ್ತದೆ. ಅರ್ಧ ಗಂಟೆ ಬಿಟ್ಟರೆ ತಾನಾಗಿ ನೀರಾಗುತ್ತದೆ. ಆಮೇಲೆ ಅದರ ಒಂದು ಹನಿ ಎಣಿಕೆಯ ಗಾಜಿನ ಮೇಲೆ. ಹಲವು ಲ್ಯಾಬುಗಳಲ್ಲಿರುವುದು ಮ್ಯಾಕ್ಲರ್ ಚೇಂಬರ್: ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಆಳ, ಮೇಲೆ ಗೀಚಿದ ಚೌಕಗಳು. ಹತ್ತು ಚೌಕಗಳಲ್ಲಿ ಎಷ್ಟು ತಲೆ ಕಂಡವೋ ಒಂದು ಮಿಲಿಲೀಟರಿನಲ್ಲಿ ಅಷ್ಟು ಮಿಲಿಯನ್ ಎಂದು ಲೆಕ್ಕ. ನಂತರ ಎಷ್ಟು ಮುಂದಕ್ಕೆ ಈಜುತ್ತಿವೆ, ಎಷ್ಟು ನಿಂತಲ್ಲೇ ತಿರುಗುತ್ತಿವೆ, ಎಷ್ಟು ಅಲುಗಾಡುತ್ತಲೇ ಇಲ್ಲ ಎಂಬುದನ್ನು ಟೆಕ್ನೀಷಿಯನ್ ಒಂದೊಂದಾಗಿ ನೋಡಿ ವಿಂಗಡಿಸುತ್ತಾರೆ. ಕೊನೆಗೆ ಬಣ್ಣ ಹಾಕಿ ಆಕಾರ ನೋಡುವುದು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು ಮಾದರಿಯಲ್ಲಿ 3.9 ಕೋಟಿ, ಮುಂದಕ್ಕೆ ಈಜುವವು ನೂರಕ್ಕೆ 30, ಸರಿಯಾದ ಆಕಾರದವು ನೂರಕ್ಕೆ 4. ಈ ಕೊನೆಯ ಅಂಕಿ ನೋಡಿ ಗಂಡಸರು ಕಂಗಾಲಾಗುತ್ತಾರೆ, ನೂರಕ್ಕೆ ತೊಂಬತ್ತಾರು ಕೆಟ್ಟಿವೆಯಲ್ಲ ಎಂದು. ಆದರೆ ಮನುಷ್ಯನ ವೀರ್ಯ ಇರುವುದೇ ಹಾಗೆ. ಹೆಂಡತಿ ಒಂದು ವರ್ಷದೊಳಗೆ ಬಸುರಿಯಾದ ಗಂಡಸರನ್ನೇ ಪರೀಕ್ಷಿಸಿ, ಅವರಲ್ಲಿ ಕೆಳಗಿನ ನೂರಕ್ಕೆ ಐದು ಜನ ಎಲ್ಲಿ ನಿಲ್ಲುತ್ತಾರೋ ಅಲ್ಲಿ ಈ ಗೆರೆ ಎಳೆದಿದ್ದಾರೆ. ಗೆರೆಯ ಕೆಳಗಿದ್ದವರೂ ಅಪ್ಪಂದಿರಾಗಿದ್ದಾರೆ ಎಂದೇ ಅರ್ಥ. (ಜಗತ್ತಿನ ಗಂಡಸರ ಸರಾಸರಿ ಕೌಂಟ್ 1973ರಿಂದ 2018ರ ನಡುವೆ ಮಿಲಿಲೀಟರಿಗೆ 10.1 ಕೋಟಿಯಿಂದ 4.9 ಕೋಟಿಗೆ ಇಳಿದಿದೆ ಎಂದು 2022ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ಹೇಳಿತು. ಹಳೆಯ ಎಣಿಕೆಗಳನ್ನು ಎಷ್ಟು ನಂಬುವುದು ಎಂಬ ಜಗಳ ಇನ್ನೂ ಮುಗಿದಿಲ್ಲ.)

ಒಂದೇ ರಿಪೋರ್ಟ್ ಹಿಡಿದು ತೀರ್ಮಾನಿಸುವಂತೆಯೂ ಇಲ್ಲ. ಮೂಲಕೋಶವೊಂದು ಬಾಲವುಳ್ಳ ವೀರ್ಯಾಣು ಆಗಲು ಎರಡು ತಿಂಗಳಿಗೂ ಮೀರಿ, ಸುಮಾರು 74 ದಿನ ಹಿಡಿಯುತ್ತದೆ. ಅಲ್ಲಿಂದ ವೃಷಣದ ಬೆನ್ನಿಗಂಟಿದ, ಆರು ಮೀಟರು ಉದ್ದದ ಇನ್ನೊಂದು ಸುರುಳಿ ಕೊಳವೆ ದಾಟಿ ಈಜು ಕಲಿಯಲು ಒಂದೆರಡು ವಾರ. ಇವತ್ತಿನ ಮಾದರಿಯಲ್ಲಿ ಕಾಣುವುದು ಮೂರು ತಿಂಗಳ ಹಿಂದಿನ ದೇಹದ ಸ್ಥಿತಿ. ಜುಲೈಯಲ್ಲಿ ಡೆಂಗಿ ಜ್ವರದಲ್ಲಿ ಮಲಗಿದ್ದವನ ಕೌಂಟ್ ಸೆಪ್ಟೆಂಬರಿನಲ್ಲಿ ಪಾತಾಳಕ್ಕಿಳಿದಿರಬಹುದು, ಡಿಸೆಂಬರಿನಲ್ಲಿ ಮೇಲೇರಿರಬಹುದು. ಆರು ತಿಂಗಳೊಳಗೆ ಯಾವ ಜ್ವರ ಬಂದಿತ್ತು ಎಂದು ಕೇಳದ ಡಾಕ್ಟರನ್ನು ನಾನಂತೂ ನಂಬಲಾರೆ.

ಜ್ವರದ ಮಾತು ಬಂದದ್ದು ಶಾಖದಿಂದ. ವೃಷಣಗಳು ಮೈಯಿಂದ ಹೊರಗೆ ಜೋತಿರುವುದೇ ಎರಡು ಮೂರು ಡಿಗ್ರಿ ತಣ್ಣಗಿರಲಿ ಎಂದು. ಹುಟ್ಟಿದಾಗ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದ ವೃಷಣವನ್ನು ಒಂದೂವರೆ ವರ್ಷದೊಳಗೆ ಆಪರೇಷನ್ ಮಾಡಿ ಇಳಿಸಬೇಕೆನ್ನುವುದೂ ಇದಕ್ಕೇ. ಬೇಕರಿ ಒಲೆಯ ಮುಂದೆ, ಬಾಯ್ಲರ್ ಪಕ್ಕದಲ್ಲಿ ದಿನವಿಡೀ ದುಡಿಯುವವರ ಕೆಲಸದ ವಿವರವನ್ನು ಡಾಕ್ಟರು ಕೇಳಬೇಕು. ಬಂಜೆತನಕ್ಕೆ ಬರುವ ಗಂಡಸರಲ್ಲಿ ಮೂರರಲ್ಲೊಬ್ಬರಿಗೂ ಹೆಚ್ಚು ಮಂದಿಯಲ್ಲಿ ಕಾಣುವ ವೇರಿಕೋಸೀಲ್, ಅಂದರೆ ವೃಷಣದ ರಕ್ತನಾಳಗಳ ಉಬ್ಬು, ಇದೇ ಬಗೆಯ ತೊಂದರೆ ಕೊಡುತ್ತದೆ. ಅದು ಹೆಚ್ಚಾಗಿ ಎಡಕ್ಕೇ ಬರುತ್ತದೆ. ಎಡಗಡೆಯ ಅಭಿಧಮನಿ ಉದ್ದವಾಗಿದ್ದು, ಮೂತ್ರಪಿಂಡದ ನಾಳಕ್ಕೆ ಲಂಬವಾಗಿ ಸೇರುವುದರಿಂದ ರಕ್ತ ಹಿಂದಕ್ಕೆ ನಿಲ್ಲುತ್ತದೆ. ನಿಲ್ಲಿಸಿ, ಕೈಯಲ್ಲಿ ಮುಟ್ಟಿ ನೋಡಿದರೆ ಪತ್ತೆಯಾಗುವ, ಸಣ್ಣ ಆಪರೇಷನ್ನಿನಿಂದ ಹಲವರಿಗೆ ಗುಣ ಕಾಣುವ ಸಮಸ್ಯೆ ಇದು. ಆದರೆ ಮುಟ್ಟಿ ನೋಡುವವರು ಬೇಕಲ್ಲ!

ಕೈಯಾರೆ ತಂದುಕೊಳ್ಳುವ ತೊಂದರೆಯೂ ಉಂಟು. ಜಿಮ್ಮಿನಲ್ಲಿ ಮೈ ಕಟ್ಟಲು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರಾನ್ ಮತ್ತು ಸ್ಟೀರಾಯ್ಡುಗಳು ವೀರ್ಯಾಣು ಉತ್ಪತ್ತಿಯನ್ನು ಸೊನ್ನೆಗೂ ಇಳಿಸಬಲ್ಲವು. ರಕ್ತದಲ್ಲಿ ಹಾರ್ಮೋನು ಸಾಕಷ್ಟಿದೆ ಎಂದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ತಿಳಿದು, ವೃಷಣಕ್ಕೆ ಕೊಡುವ ಆಜ್ಞೆಯನ್ನೇ ನಿಲ್ಲಿಸಿಬಿಡುತ್ತದೆ. ತೋಳು ದಪ್ಪ, ಕೌಂಟ್ ನಿಲ್. ಬಿಟ್ಟರೆ ಬಹುತೇಕರಲ್ಲಿ ಮರಳುತ್ತದೆ, ತಿಂಗಳುಗಟ್ಟಲೆ ಕಾಯಬೇಕು. 'ಶಕ್ತಿ'ಗೆಂದು ಅದನ್ನೇ ಬರೆದುಕೊಡುವ ವೈದ್ಯರೂ ಇರುವುದು ದುರ್ದೈವ. ಕ್ಯಾಪ್ಸೂಲುಗಳ ಕಥೆಯೂ ಅಷ್ಟಕ್ಕಷ್ಟೆ: ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜಿಂಕ್ ಮತ್ತು ಫೋಲಿಕ್ ಆ್ಯಸಿಡ್ ನುಂಗಿದವರಿಗೂ ನುಂಗದವರಿಗೂ ಮಕ್ಕಳಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ರಿಪೋರ್ಟಿನಲ್ಲಿ 'ನಿಲ್' ಎಂದು ಬಂದವರದು ಬೇರೆ ದಾರಿ. ಗಂಡಸರಲ್ಲಿ ನೂರಕ್ಕೆ ಒಬ್ಬರು ಹೀಗಿರುತ್ತಾರೆ. ಮೊದಲ ಪ್ರಶ್ನೆ: ಬೀಜ ಹುಟ್ಟುತ್ತಿಲ್ಲವೋ, ಹುಟ್ಟಿಯೂ ದಾರಿ ಕಟ್ಟಿದೆಯೋ? ಕೆಲವರಲ್ಲಿ ಬೀಜನಾಳ ಹುಟ್ಟಿನಿಂದಲೇ ಇರುವುದಿಲ್ಲ. ಬೆರಳಿನಲ್ಲಿ ತಡವಿದರೆ ಗೊತ್ತಾಗುತ್ತದೆ. ಇನ್ನು ಕೆಲವರಿಗೆ ಡಾಕ್ಟರು "ಕಾಫಿ ವಾಸನೆ ಗೊತ್ತಾಗುತ್ತಾ?" ಎಂದು ಕೇಳುತ್ತಾರೆ. ತಮಾಷೆಗಲ್ಲ. ಕಾಲ್ಮನ್ ಸಿಂಡ್ರೋಮ್ ಎಂಬ ಸ್ಥಿತಿಯಲ್ಲಿ ವಾಸನೆಯ ನರಗಳೂ ವೃಷಣಕ್ಕೆ ಆಜ್ಞೆ ಹೊರಡಿಸುವ ಮೆದುಳಿನ ಕೋಶಗಳೂ ಭ್ರೂಣದಲ್ಲೇ ಒಟ್ಟಿಗೆ ದಾರಿ ತಪ್ಪಿರುತ್ತವೆ. ಇದಕ್ಕೆ ಹಾರ್ಮೋನ್ ಇಂಜೆಕ್ಷನ್ ಉಂಟು. ತಿಂಗಳುಗಟ್ಟಲೆ ತೆಗೆದುಕೊಂಡರೆ ಎಷ್ಟೋ ಮಂದಿಗೆ ಸಹಜವಾಗಿಯೇ ಮಕ್ಕಳಾಗುತ್ತವೆ. ಗಂಡಸಿನ ಬಂಜೆತನಕ್ಕೆ ಗಂಡಸೇ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಉಳಿದ ಕಡೆ ಸೂಜಿ ಅವಳಿಗೆ. ಇದಕ್ಕೆ ದಾರಿ ಮಾಡಿಕೊಟ್ಟದ್ದು 1991ರಲ್ಲಿ ಬ್ರಸೆಲ್ಸ್‌ನಲ್ಲಿ ಗುರಿ ತಪ್ಪಿದ ಇನ್ನೊಂದು ಸೂಜಿ. ಜಿಯಾನ್‌ಪಿಯೆರೊ ಪಲೆರ್ಮೊ ಎಂಬ ವೈದ್ಯ ಅಂಡಾಣುವಿನ ಹೊರಕವಚದ ಕೆಳಗೆ ವೀರ್ಯಾಣುಗಳನ್ನು ಬಿಡುವ ಪ್ರಯತ್ನದಲ್ಲಿದ್ದರು. ಒಮ್ಮೆ ಸೂಜಿ ಒಳಪೊರೆಯನ್ನೂ ದಾಟಿ ಒಂದು ವೀರ್ಯಾಣು ನೇರವಾಗಿ ಒಳಗೇ ಹೋಯಿತು. ಕೆಟ್ಟಿತೆಂದುಕೊಂಡ ಆ ಅಂಡಾಣುವೇ ಫಲಿತವಾಯಿತು. 1992ರ ಜನವರಿಯಲ್ಲಿ ಈ ವಿಧಾನದ ಮೊದಲ ಮಗು ಹುಟ್ಟಿತು. ಇಕ್ಸಿ ಎಂದು ಕ್ಲಿನಿಕ್ಕುಗಳಲ್ಲಿ ಈಗ ದಿನನಿತ್ಯ ಕೇಳುವ ಹೆಸರು ಅದರದೇ. ಅಂಟಂಟು ದ್ರವದಲ್ಲಿ ವೀರ್ಯಾಣುವಿನ ಓಟ ತಗ್ಗಿಸಿ, ಸೂಜಿಯಿಂದ ಬಾಲವನ್ನು ಒತ್ತಿ ಮುರಿದು, ಅಂಡಾಣುವನ್ನು ಇನ್ನೊಂದು ಗಾಜಿನ ನಳಿಕೆಯಿಂದ ಹೀರಿ ಹಿಡಿದು, ಕೂದಲಿಗಿಂತ ಹತ್ತು ಪಟ್ಟು ಸಪೂರದ ಸೂಜಿಯಿಂದ ಒಳಗೆ ಬಿಡುತ್ತಾರೆ. ಹದಿನಾರು ಹದಿನೆಂಟು ಗಂಟೆಯ ನಂತರ ಒಳಗೆ ಎರಡು ಕೋಶಕೇಂದ್ರಗಳು ಅಕ್ಕಪಕ್ಕ ಕಂಡರೆ ಗೆದ್ದಂತೆ. ಕೋಟಿಗಟ್ಟಲೆ ಬೇಕಿದ್ದಲ್ಲಿ ಈಗ ಒಂದಿದ್ದರೆ ಸಾಕು.

ಆ ಒಂದು ವೀರ್ಯಾಣುವಿಗಾಗಿ ಹೆಂಡತಿ ಹತ್ತು ಹನ್ನೆರಡು ದಿನ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಳ್ಳಬೇಕು. ಅರಿವಳಿಕೆ ಪಡೆದು ಅಂಡಾಣು ತೆಗೆಸಿಕೊಳ್ಳಬೇಕು. ಕೆಲವೊಮ್ಮೆ ಅಂಡಾಶಯ ಊದಿ, ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆ ಸೇರಬೇಕಾಗುತ್ತದೆ. ತೊಂದರೆ ಒಬ್ಬರ ಮೈಯಲ್ಲಿ, ಚಿಕಿತ್ಸೆ ಇನ್ನೊಬ್ಬರ ಮೈಗೆ. ಇಕ್ಸಿ ಅಸಂಖ್ಯ ಮನೆಗಳಿಗೆ ಮಕ್ಕಳನ್ನು ಕೊಟ್ಟಿದೆ, ಅದನ್ನು ಹಗುರ ಮಾಡುವುದಿಲ್ಲ. ಆದರೆ ಒಂದೇ ವೀರ್ಯಾಣು ಸಾಕು ಎಂದಾದ ಮೇಲೆ, ಉಳಿದವು ಏಕಿಲ್ಲ ಎಂದು ಹುಡುಕುವ ಅವಸರ ಯಾರಿಗೂ ಉಳಿಯಲಿಲ್ಲ ಎಂಬುದು ನನ್ನ ದೂರು. ಗಂಡನನ್ನು ಮಂಚದ ಮೇಲೆ ಮಲಗಿಸಿ ಒಮ್ಮೆಯೂ ಪರೀಕ್ಷಿಸದೆ, ಬರೀ ಕೌಂಟ್ ನೋಡಿ ಹೆಂಡತಿಯ ಇಂಜೆಕ್ಷನ್ ದಿನ ಗೊತ್ತುಮಾಡುವುದು ಎಷ್ಟೋ ಕಡೆ ನಡೆಯುತ್ತದೆ. ಅವನ ಪರೀಕ್ಷೆ ಮುಂದೆ ಹೋದಷ್ಟೂ ನಷ್ಟ ಅವಳಿಗೇ, ಏಕೆಂದರೆ ಮೂವತ್ತೈದು ದಾಟಿದ ಮೇಲೆ ಅಂಡಾಣುಗಳು ಬೇಗಬೇಗ ಇಳಿಮುಖವಾಗುತ್ತವೆ.

ದ್ರವದಲ್ಲಿ ಒಂದೂ ಸಿಗದಿದ್ದರೆ ವೃಷಣವನ್ನೇ ತೆರೆದು, ಆಪರೇಷನ್ ಮೈಕ್ರೊಸ್ಕೋಪಿನಡಿ ದಪ್ಪಗೆ ತುಂಬಿಕೊಂಡಂತೆ ಕಾಣುವ ಕೊಳವೆಗಳನ್ನು ಆರಿಸಿ ಹುಡುಕುತ್ತಾರೆ. ಮೈಕ್ರೊ ಟೆಸೆ ಎಂಬ ಈ ವಿಧಾನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ವೀರ್ಯಾಣು ಸಿಗುತ್ತದೆ. ಸಿಗದವರಿಗೆ ದಾನಿಯ ವೀರ್ಯ. ಭಾರತದಲ್ಲಿ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಕಾಯ್ದೆಯ ಪ್ರಕಾರ ದಾನಿಗೆ 21ರಿಂದ 55 ವರ್ಷ ಆಗಿರಬೇಕು, ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ, ಹುಟ್ಟಿದ ಮಗು ಕಾನೂನಿನ ಕಣ್ಣಿನಲ್ಲಿ ಆ ದಂಪತಿಯದೇ.

ಕಾರಣ ಹುಡುಕದಿರುವುದರ ಬಿಸಿ ಮುಂದಿನ ತಲೆಮಾರಿಗೆ ತಟ್ಟುತ್ತದೆ. ವೈ ವರ್ಣತಂತುವಿನ ಒಂದು ತುಣುಕು ಕಳೆದುಹೋಗಿ ಕೌಂಟ್ ಕುಸಿದಿರುವ ಗಂಡಸರಿದ್ದಾರೆ. ಹಿಂದೆ ಅವರಿಗೆ ಮಕ್ಕಳಾಗುವುದೇ ಅಪರೂಪವಾಗಿತ್ತು, ದೋಷ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತಿತ್ತು. ಇಕ್ಸಿಯಿಂದ ಮಗ ಹುಟ್ಟಿದರೆ ಅಪ್ಪನ ವೈ ಹಾಗೇ ಮಗನಿಗೆ ಹೋಗುತ್ತದೆ. ಮೊದಲ ವರ್ಷಗಳಲ್ಲಿ ಇಕ್ಸಿಯಿಂದ ಹುಟ್ಟಿದ 54 ಯುವಕರನ್ನು ಬ್ರಸೆಲ್ಸ್‌ನವರೇ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು: ಅವರ ಕೌಂಟ್ ಮಿಲಿಲೀಟರಿಗೆ 1.77 ಕೋಟಿಯ ಆಸುಪಾಸು, ಸಹಜವಾಗಿ ಹುಟ್ಟಿದ ಓರಗೆಯವರದು 3.7 ಕೋಟಿ. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು 2022ರಲ್ಲಿ ಭಾರತೀಯ ಗಂಡಸರ ಬಂಜೆತನದ ಹಿಂದಿರುವ, ಅದುವರೆಗೆ ತಿಳಿಯದಿದ್ದ ಎಂಟು ಜೀನ್‌ಗಳನ್ನು ಗುರುತಿಸಿದರು. ಇಂಥ ಪಟ್ಟಿ ಬೆಳೆದಷ್ಟೂ 'ಕಾರಣ ಗೊತ್ತಿಲ್ಲ' ಎಂದು ಬರೆಯುವ ರಿಪೋರ್ಟು ಕಡಿಮೆಯಾಗುತ್ತದೆ.

ಹಾಗಾಗಿ ಕೌಂಟ್ ತೀರಾ ಕಡಿಮೆ ಇರುವವರು ಇಕ್ಸಿಗೆ ಮೊದಲು ವರ್ಣತಂತು ಮತ್ತು ವೈ ತುಣುಕಿನ ರಕ್ತಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ವೈ ಮೇಲೆ 'ಎ' ಎಂದು ಗುರುತಿಸುವ ಜಾಗದ ತುಣುಕು ಪೂರ್ತಿ ಕಳೆದಿದ್ದರೆ ವೃಷಣ ತೆರೆದರೂ ಏನೂ ಸಿಗದು. ಇದು ಮೊದಲೇ ಗೊತ್ತಾದರೆ ಆಪರೇಷನ್ನೂ ಅವಳ ಇಂಜೆಕ್ಷನ್ನೂ ಎರಡೂ ತಪ್ಪುತ್ತವೆ. ಕಳೆದದ್ದು 'ಸಿ' ಜಾಗದ ತುಣುಕಾಗಿದ್ದರೆ ಎಷ್ಟೋ ಸಲ ಸಿಗುತ್ತದೆ. ಆಗ ಹುಟ್ಟುವ ಮಗನಿಗೂ ಇದೇ ತೊಂದರೆ ಬರಲಿದೆ ಎಂಬುದು ಮೊದಲೇ ತಿಳಿದಿರುತ್ತದೆ. ಇಂಥವರಲ್ಲಿ ವಯಸ್ಸಾದಂತೆ ಕೌಂಟ್ ಇನ್ನೂ ಇಳಿಯಬಹುದಾದ್ದರಿಂದ, ಹುಡುಗ ಇಪ್ಪತ್ತರ ಆಸುಪಾಸಿನಲ್ಲಿರುವಾಗಲೇ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡಿಸಬಹುದು. ಅವನಿಗೆ ಅದನ್ನು ಯಾವ ವಯಸ್ಸಿನಲ್ಲಿ, ಅಪ್ಪ ಹೇಳಬೇಕೋ ಅಮ್ಮ ಹೇಳಬೇಕೋ ಎಂಬುದನ್ನು ಗಂಡ ಹೆಂಡತಿ ಕ್ಲಿನಿಕ್ಕಿನ ಕೌನ್ಸೆಲರ್ ಮುಂದೆ ಕೂತು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.